ಅಂಕಮ್ಮನ ಫೋಟೋ

“ಕೈ ಆಚೆ ತೆಗಿಯಲೇ, ಬೋಳಿಮಗನೆ! ಡಬ್ಬದೊಳಗೆ ಕೈ ಬಿಟ್ಕೊಂಡು ಏನ್ ಮುದ್ದೆ ಕಟ್ತಾ ಇದ್ದೀಯ?”

ಕೈ ತೆಗೆಯುವ ಹಾಗಿರಲಿಲ್ಲ. ನನ್ನ ಬಲಗೈ ಮೊಣಕೈವರೆಗೆ, ಫೋಟೋ ತೆಗೆದು ಒಳಗೇ ತೊಳೆಯುವ ಕ್ಯಾಮೆರಾ ಡಬ್ಬದ ಕಪ್ಪು ಬಟ್ಟೆಯ ತೋಳಿನೊಳಗಿತ್ತು. ಬೆರಳ ತುದಿಯಲ್ಲಿ ಕಾಗದ, ಕಾಗದ ಔಷಧಿ ತಟ್ಟೆಯಲ್ಲಿ. ಇನ್ನು ಇಪ್ಪತ್ತು ಎಣಿಸಿದರೆ ಸಾಕಿತ್ತು. ಎತ್ತಿ ಪಕ್ಕದ ಹೈಪೋ ತಟ್ಟೆಗೆ ಹಾಕಿದ್ದರೆ ಮುಖ ಕಾಗದದ ಮೇಲೆ ಗಟ್ಟಿಯಾಗಿ ಕೂತುಬಿಡುತ್ತಿತ್ತು. ಆಮೇಲೆ ಎಂಥ ಬಿಸಿಲು ಬಡಿದರೂ ಅಳಿಸುತ್ತಿರಲಿಲ್ಲ.

“ಒಂದ್ ನಿಮಿಷ ಸಾರ್. ಬೆಳಕು ಬಿದ್ರೆ ಹೋಗ್ಬಿಡ್ತದೆ. ನಿಮ್ ಕಾಲಿಗೆ ಬೀಳ್ತೀನಿ.”

“ಗೇಟಲ್ಲಿ ಬೋರ್ಡ್ ಕಾಣ್ಸಲ್ವಾ ನಿಂಗೆ? ಪರ್ಮಿಷನ್ ಇಲ್ದೆ ಯಾವನೂ ವ್ಯಾಪಾರದ ಫೋಟೋ ತೆಗೆಯಂಗಿಲ್ಲ ಅಂತ ಇಷ್ಟ್ ದಪ್ಪಕ್ಕೆ ಬರ್ಸಿದೀವಿ.”

“ವ್ಯಾಪಾರ ಅಲ್ಲ ಸಾರ್. ಅವ್ಳು ನನ್ ಹೆಂಡ್ತಿ.”

ಪಾರ್ಕಿನ ಸೂಪರ್‌ವೈಸರ್ ಸೇತುರಾಮ ತಿರುಗಿ ನೋಡಿದ. ಕೆಂಪು ಹೂ ಬಿಟ್ಟ ಕತ್ತಿಕಾಯಿ ಮರದ ಕೆಳಗೆ ನನ್ನ ಮಡಿಚುವ ಕುರ್ಚಿಯ ಮೇಲೆ ಅಂಕಮ್ಮ ಕೂತಿದ್ದಳು. ಮದುವೆಯ ಸೀರೆ, ಮುಡಿಯಲ್ಲಿ ಕನಕಾಂಬರ. ಎಂಟು ವರ್ಷ ಅದೇ ಪಾರ್ಕಿನಲ್ಲಿ, ಅದೇ ಸೇತುರಾಮನ ಕೈಕೆಳಗೆ ದಿನಗೂಲಿಗೆ ಕಳೆ ಕಿತ್ತವಳು ಅವಳು. ಅವನಿಗೆ ಗುರುತು ಹತ್ತಲಿಲ್ಲ. ಬಗ್ಗಿದ ಬೆನ್ನು ಕಂಡಿದ್ದನೇ ಹೊರತು ಮುಖ ಯಾವತ್ತು ಕಂಡಿದ್ದ?

“ಸಿಕ್ಕಿಬಿದ್ದಾಗ ಎಲ್ಲಾ ನನ್ಮಕ್ಳೂ ಹಿಂಗೇ. ಇವ್ಳು ಹೆಂಡ್ತಿ, ಅವ್ಳು ಅತ್ತಿಗೆ” ಅಂದವನೇ ಡಬ್ಬದ ಮುಚ್ಚಳಕ್ಕೆ ಕೈ ಹಾಕಿ ಎತ್ತಿಬಿಟ್ಟ.

ಬೆಳಗಿನ ಹತ್ತು ಗಂಟೆಯ ಬಿಸಿಲು ಡಬ್ಬದೊಳಗೆ ಸುರಿಯಿತು. ತಟ್ಟೆಯಲ್ಲಿ ಅಂಕಮ್ಮ ಇದ್ದಳು. ಮೊದಲ ಕಾಗದದಲ್ಲಿ ಎಲ್ಲವೂ ಉಲ್ಟಾ ಬರುತ್ತದೆ, ಹಾಗೇ ಬಂದಿದ್ದಳು: ಕೂದಲು ಬೆಳ್ಳಗೆ, ಹಲ್ಲು ಕಪ್ಪಗೆ. ನಗುತ್ತಿದ್ದಳು, ಹಾಳಾದವಳು! ಒಂದು ಸಲ ಉಸಿರೆಳೆದು ಬಿಡುವಷ್ಟು ಹೊತ್ತು ನೋಡಿದೆ. ಮೊದಲು ಸೀರೆ ಕಪ್ಪಾಯಿತು, ಆಮೇಲೆ ಕತ್ತು, ಆಮೇಲೆ ಕಣ್ಣು.

ಸೇತುರಾಮ ಡಬ್ಬವನ್ನು ಮೂರು ಕಾಲಿನ ಸ್ಟ್ಯಾಂಡಿನ ಸಮೇತ ಎತ್ತಿಸಿಕೊಂಡು ಹೋದ. ಔಷಧಿಯ ತಟ್ಟೆ ಮಗುಚಿ ಕಾಗದ ಹುಲ್ಲಿನ ಮೇಲೆ ಬಿತ್ತು. ಅಂಕಮ್ಮ ಹೊಟ್ಟೆ ಹಿಡಿದುಕೊಂಡು ಎದ್ದು ಬಂದು ಅದನ್ನು ಎತ್ತಿಕೊಂಡಳು. ಸೆರಗಿನಲ್ಲಿ ಒರೆಸಿದಳು.

*

ಅವಳಿಗೆ ಫೋಟೋ ಅಂದರೆ ಭಯ. ಒಂದು ಸಲ ತೆಗೆಸಿಕೊಂಡರೆ ಇಷ್ಟು ಆಯಸ್ಸು ಅದರೊಳಗೆ ಹೋಗಿಬಿಡುತ್ತದೆ ಅಂತ ಅವರವ್ವ ಹೇಳಿದ್ದಳಂತೆ. ಹನ್ನೊಂದು ವರ್ಷ ನಾನು ಜಯನಗರದ ಮಂದಿಯ ಮುಖವನ್ನೆಲ್ಲ ಹಿಡಿದೆ. ಹೊಸ ಮದುಮಕ್ಕಳು, ಕೆಲಸದ ಅರ್ಜಿಯ ಹುಡುಗರು, ತಲೆಗೂದಲು ತೆಗೆಸುವ ಮೊದಲು ಜಡೆ ಹಾಕಿಸಿಕೊಂಡ ಪಾಪುಗಳು. ಹೆಂಡತಿಯ ಮುಖ ಮಾತ್ರ ಹಿಡಿಯಲಿಲ್ಲ. ಕೇಳಿದರೆ, “ನಿನ್ ಡಬ್ಬಕ್ಕೆ ನನ್ ಆಯಸ್ಸು ಬೇರೆ ಬೇಕಾ? ಸುಮ್ನೆ ಹೋಗಯ್ಯ” ಅನ್ನುತ್ತಿದ್ದಳು.

ಯುಗಾದಿಯ ಹೊತ್ತಿಗೆ ಅವಳ ಹೊಟ್ಟೆಯ ಗಡ್ಡೆ ಕೈಗೆ ಸಿಗುವಷ್ಟಾಗಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದರು. ಆ ವಾರವೇ ಅವಳು ಕೇಳಿದ್ದು.

“ನಂದೊಂದ್ ಫೋಟೋ ತೆಗಿಯಯ್ಯ.”

“ಆಯಸ್ಸು?”

“ಇನ್ನೇನ್ ಹೋಗಾಕೈತೆ, ತಗೊಂಡ್ಲಿ. ನಮ್ಮವ್ವಂಗೆ ಎಡೆ ಇಡೋವಾಗ ಫೋಟೋ ಇಲ್ದೆ ಬರೀ ಚೊಂಬು ಇಡ್ತೀನಿ. ಅವ್ಳ ಮುಖ ಹೆಂಗಿತ್ತು ಅಂತ ನಂಗೇ ಮರ್ತೋಗೈತೆ ಕಣಯ್ಯ. ಈಸ್ವರಿಗೆ ಏಳು ತಿಂಗ್ಳು. ಅವ್ಳ ಕೂಸು ನಾಳೆ ಅಜ್ಜಿ ಹೆಂಗಿದ್ಳು ಅಂದ್ರೆ ಚೊಂಬು ತೋರಿಸ್ತೀಯಾ?”

ಈಶ್ವರಮ್ಮ ನಮ್ಮ ಒಬ್ಬಳೇ ಮಗಳು, ಚಿಕ್ಕಲಸಂದ್ರಕ್ಕೆ ಕೊಟ್ಟಿದ್ದೆವು.

ಪಾರ್ಕಿನಲ್ಲೇ ಆಗಬೇಕು, ಆ ಕತ್ತಿಕಾಯಿ ಮರದ ಕೆಳಗೇ ಆಗಬೇಕು ಅಂತ ಹಟ ಹಿಡಿದಳು. ಕೋಲಿನಷ್ಟಿದ್ದಾಗ ಅದಕ್ಕೆ ಬಿಂದಿಗೆಯಲ್ಲಿ ನೀರು ಹೊತ್ತವಳು ಅವಳೇ. ಆ ಜಾಗ ಪಾರ್ಕಾಗುವ ಮೊದಲು ರಾಗಿ ಹೊಲ. ಹೊಲ ಗೌಡರದು, ಕೂಲಿ ನಮ್ಮಪ್ಪನದು. ಲೇಔಟಿಗೆ ಹೋದಾಗ ಗೌಡರಿಗೆ ಪರಿಹಾರ ಬಂತು. ನಮ್ಮಪ್ಪನಿಗೆ ಹೊಂಡ ತೋಡುವ ಕೆಲಸ ಬಂತು. ಈಗ ಸುತ್ತ ಕಂಬಿ ಹಾಕಿ, ಒಂದು ಸ್ಟುಡಿಯೋದವನಿಗೆ ಮಾತ್ರ ಪರ್ಮಿಷನ್ ಕೊಟ್ಟು, ನಮ್ಮಂಥವರಿಗೆ ಬೋರ್ಡು ಬರೆಸಿದ್ದರು. ಬೋರ್ಡು ಓದಿದ್ದೆ. ಸುಳ್ಳು ಯಾಕೆ ಹೇಳಲಿ, ಹೆಂಡತಿಯ ಫೋಟೋಗೂ ಅದು ಅಂಟುತ್ತದೆ ಅಂದುಕೊಂಡಿರಲಿಲ್ಲ.

*

ಸಾರಕ್ಕಿಯ ನಮ್ಮ ಕೇರಿಗೆ ಬಂದು ಮಲಗಿದ ಮೇಲೂ ಅಂಕಮ್ಮ ಆ ಕಪ್ಪು ಕಾಗದವನ್ನು ಕೈಬಿಡಲಿಲ್ಲ.

“ಬೇಜಾರ್ ಮಾಡ್ಕಬ್ಯಾಡ. ಮುಖ ಇದ್ರೊಳಗೇ ಐತೆ. ಡಬ್ಬ ಬಂದ್ಮೇಲೆ ಇನ್ನೊಂದ್ ಕಿತಾ ಹಿಡಿ, ಬೆಳ್ಳಗಾಯ್ತದೆ.”

ಹನ್ನೊಂದು ವರ್ಷ ಅವಳು ನನ್ನ ಕೆಲಸ ನೋಡಿದ್ದಳು. ಮೊದಲು ಉಲ್ಟಾ ಕಾಗದ ಬರುತ್ತದೆ. ಅದನ್ನು ಡಬ್ಬದ ಮುಂದೆ ಸಿಕ್ಕಿಸಿ ಮತ್ತೆ ಹಿಡಿದರೆ ಕಪ್ಪಿದ್ದದ್ದು ಬಿಳಿಯಾಗಿ, ಬಿಳಿಯಿದ್ದದ್ದು ಕಪ್ಪಾಗಿ ಮನುಷ್ಯ ನೆಟ್ಟಗಾಗುತ್ತಾನೆ. ಇದೂ ಹಾಗೇ ಅರ್ಧ ದಾರಿಯಲ್ಲಿ ನಿಂತಿದೆ ಅಂದುಕೊಂಡಿದ್ದಳು. ಬೆಳಕಿನಲ್ಲಿ ಪೂರ್ತಿ ಸುಟ್ಟ ಕಾಗದದಲ್ಲಿ ಯಾರೂ ಇರುವುದಿಲ್ಲ ಕಣೇ ಅಂತ ಹೇಳಬೇಕಾಗಿತ್ತು. ಸಾಯುವವಳಿಗೆ ಹೇಗೆ ಹೇಳಲಿ?

“ಹೂಂ” ಅಂದೆ. “ಡಬ್ಬ ಬರ್ಲಿ.”

ಆ ಒಂದು ಹೂಂ ನನ್ನನ್ನು ಕೊಂದಿತು. ಸ್ಟುಡಿಯೋಗೆ ಎತ್ತಿಕೊಂಡು ಹೋಗ್ತೀನಿ ಬಾ ಅಂದರೆ, “ಒಂದ್ ಕಿತಾ ತೆಗ್ಸಿ ಆಯ್ತಲ್ಲ, ಇನ್ನೊಂದ್ ಕಿತಾ ಯಾಕೆ? ಇರೋ ನಾಲ್ಕ್ ದಿನಾನೂ ಅದಕ್ಕೆ ಕೊಡ್ಲಾ? ಮಗೂನ ನೋಡ್ಬೇಕು ನಾನು” ಅನ್ನುತ್ತಿದ್ದಳು.

ಹಾಗಾಗಿ ಡಬ್ಬ ಬಿಡಿಸಲು ಹೊರಟೆ. ದಿನಾ ಬೆಳಿಗ್ಗೆ ಪಾರ್ಕುಗಳ ಆಫೀಸಿನ ಬಾಗಿಲಲ್ಲಿ ನಿಂತೆ. ಗುಮಾಸ್ತ ಒಂದು ವಾರ ತಲೆಯೆತ್ತಲಿಲ್ಲ. ಎತ್ತಿದ ದಿನ ಮೂಗು ಮುಚ್ಚಿಕೊಂಡ; ಹೈಪೋ ವಾಸನೆಗೋ ಕೇರಿಯ ಹೆಸರಿಗೋ ಗೊತ್ತಿಲ್ಲ.

“ದೂರ ನಿಂತ್ಕೊಂಡು ಹೇಳು. ಪರ್ಮಿಷನ್ ತೋರ್ಸಿದ್ರೆ ಡಬ್ಬ ಕೊಡ್ತಾರೆ. ಅರ್ಜಿ ಹಾಕು. ಅರ್ಜಿ ಜೊತೆ ನಿಂದೊಂದು ಫೋಟೋ. ಆಮೇಲೆ ಆ ಕ್ಯಾಮೆರಾದಲ್ಲೇ ತೆಗೆದ ಸ್ಯಾಂಪಲ್ ಎರಡು.”

“ಕ್ಯಾಮೆರಾ ನಿಮ್ ಸ್ಟೋರಲ್ಲೇ ಐತೆ ಸಾರ್.”

“ಅದಕ್ಕೆ?”

“ಅದ್ರಲ್ಲಿ ತೆಗೆದು ಎಲ್ಲಿಂದ ತರ್ಲಿ ಸಾರ್?”

“ರೂಲ್ಸ್ ನಾನ್ ಮಾಡಿದ್ದೇನಯ್ಯಾ? ಸಾಹೇಬ್ರು ಬರ್ತಾರೆ, ಆ ಬೆಂಚಲ್ಲಿ... ಬೇಡ, ಬೆಂಚಲ್ಲಿ ಜನ ಕೂರ್ತಾರೆ, ಮರದ ಕೆಳಗೆ ಕೂತ್ಕೊ.”

ಹಳೆಯ ಗಿರಾಕಿಗಳ ಮನೆ ಮನೆಯ ಮೆಟ್ಟಿಲು ಹತ್ತಿದೆ. ನಾನು ತೆಗೆದ ಎರಡು ಫೋಟೋ ಯಾರಾದರೂ ಸಾಲ ಕೊಡಿ ಅಂದೆ. ಒಬ್ಬ ತಾಯಿ ಮಾತ್ರ ಮಗಳ ಫೋಟೋ ಕೊಟ್ಟರು. ನನ್ನ ಫೋಟೋ ನನ್ನ ಹತ್ತಿರವೂ ಇರಲಿಲ್ಲ. ಯಾರು ತೆಗೆಯುತ್ತಾರೆ ನನ್ನದನ್ನು?

ರಾತ್ರಿ ಊಟಕ್ಕೆ ಕೂತಾಗ ಅಂಕಮ್ಮನದು ಒಂದೇ ಪ್ರಶ್ನೆ. “ಬಂತಾ?”

“ನಾಳೆ ಬತ್ತದೆ.”

ಐದು ವಾರ ನಾಳೆ ಅಂದೆ. ಕೊನೆಯ ದಿನ ಅವಳಿಗೆ ನೀರು ಕುಡಿಸಲೂ ನಾನಿರಲಿಲ್ಲ. ಆಫೀಸಿನ ಮರದ ಕೆಳಗೆ ಸಾಹೇಬರಿಗೆ ಕಾಯುತ್ತಿದ್ದೆ. ಸಂಜೆ ವಾಪಸು ಬಂದರೆ ಕೇರಿಯ ಬಾಯಲ್ಲಿ ಗೌರಮ್ಮ ನಿಂತಿದ್ದಳು. ಅಂಕಮ್ಮನ ಜೊತೆ ಕಳೆ ಕೀಳುತ್ತಿದ್ದವಳು.

“ಎಲ್ಲಿ ಸಾಯಾಕ್ ಹೋಗಿದ್ಯೋ ಪಾಪಯ್ಯ! ಮೂರು ಗಂಟೆಗೇ ಹೋದ್ಳು. ನಿನ್ನೇ ಕೇಳ್ತಿದ್ಳು.”

ಅಂಕಮ್ಮನ ಮುಷ್ಟಿ ಬಿಡಿಸಲು ಇಬ್ಬರು ಹೆಂಗಸರು ಬೇಕಾಯಿತು. ಒಳಗೆ ಕಾಗದ ನಾಲ್ಕು ಮಡಿಕೆಯಾಗಿತ್ತು.

*

ಡಬ್ಬ ಕೊನೆಗೂ ಬರಲಿಲ್ಲ. ಸ್ಟೋರಿನ ಸೂರು ಸೋರಿ ಹಲಗೆ ಬಿಟ್ಟುಕೊಂಡಿದೆ, ಲೆನ್ಸು ಯಾರೋ ಕಿತ್ತುಕೊಂಡಿದ್ದಾರೆ ಅಂತ ಗೌರಮ್ಮ ನೋಡಿಕೊಂಡು ಬಂದು ಹೇಳಿದಳು. ಈಶ್ವರಿಗೆ ಹೆಣ್ಣುಮಗು ಆಯಿತು. ನಾನು ಗಾರೆ ಕೆಲಸಕ್ಕೆ ಹೋದೆ.

ಪಿತೃಪಕ್ಷ ಬಂತು. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಫೋಟೋಗೆ ಕಟ್ಟು ಹಾಕುವವನ ಹತ್ತಿರ ಆ ಕಪ್ಪು ಕಾಗದ ಕೊಟ್ಟೆ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಏನೂ ಇಲ್ವಲ್ಲಣ್ಣ ಇದ್ರಲ್ಲಿ.”

“ಅವ್ಳೆ. ಗಾಜು ಹಾಕು.”

ಅಮಾವಾಸ್ಯೆಯ ದಿನ ಕೇರಿಯವರೆಲ್ಲ ಮನೆಯಲ್ಲಿ ಎಡೆ ಇಟ್ಟರು. ನಾನು ಎಡೆ ಸಾಮಾನಿನ ಮಂಕರಿ ಹೊತ್ತುಕೊಂಡು ಪಾರ್ಕಿಗೆ ನಡೆದೆ. ಹಿಂದೆ ಮಗು ಎತ್ತಿಕೊಂಡು ಈಶ್ವರಿ. ಗೇಟಿನ ಒಳಗೆ ಬೋರ್ಡಿನ ಬುಡ ಗುಡಿಸಿ, ಬಾಳೆಲೆ ಹಾಸಿ, ಮುದ್ದೆ, ಕೋಳಿಸಾರು, ವಡೆ, ಎಲೆಯಡಿಕೆ, ಹೊಸ ಸೀರೆ ಇಟ್ಟೆ. ಬೋರ್ಡಿನ ಮೊಳೆಗೆ ಫೋಟೋ ತೂಗುಹಾಕಿ ಕನಕಾಂಬರ ಮುಡಿಸಿದೆ. ವಾಕಿಂಗಿಗೆ ಬಂದವರು ಕೋಳಿಸಾರಿನ ವಾಸನೆಗೆ ಕರ್ಚೀಫು ಹಿಡಿದು ದೂರ ಸರಿದರು.

ಸೇತುರಾಮ ಓಡಿ ಬಂದ. “ಏನ್ಲೇ ಇದು? ನಿಮ್ಮಪ್ಪನ ಮನೆ ಅಂದ್ಕೊಂಡ್ಯಾ? ಯಾರ್ದಲೇ ಈ ಫೋಟೋ? ಏನೂ ಕಾಣ್ಸೋದೇ ಇಲ್ಲ.”

“ನಿಮ್ ಹತ್ರ ಎಂಟು ವರ್ಷ ಕಳೆ ಕಿತ್ತೋಳ್ದು ಸಾರ್. ಆವಾಗ್ಲೂ ನಿಮ್ಗೆ ಕಾಣ್ಸಿರ್ಲಿಲ್ಲ.”

“ಪಾರ್ಕಲ್ಲಿ ಫೋಟೋ ಗೀಟೋ ಮಾಡಂಗಿಲ್ಲ ಅಂತ ನಿಂಗೆ...”

“ಇದನ್ನ ಮಾಡ್ದೋನು ನಾನಲ್ಲ ಸಾರ್, ನೀವು. ನೀವು ಮುಚ್ಚಳ ಎತ್ತಿದ ದಿನ ಆಗಿದ್ದು ಇದು. ನೀವ್ ಯಾರ ಪರ್ಮಿಷನ್ ತಗೊಂಡಿದ್ರಿ?”

ಅವನು ಪಕ್ಕದಲ್ಲಿ ಹುಲ್ಲು ಕೊಯ್ಯುತ್ತಿದ್ದ ಗೌರಮ್ಮನ ಕಡೆ ತಿರುಗಿ ಅರಚಿದ. “ಏಯ್, ಬಳಿದು ಆಚೆ ಹಾಕಮ್ಮಿ ಇದನ್ನ!”

ಗೌರಮ್ಮ ಕೈಯಲ್ಲಿದ್ದ ಕುಡುಗೋಲು ಕೆಳಗಿಟ್ಟಳು. “ಕಾಗೆ ಮುಟ್ಟೋಗಂಟ ಎಡೆ ಎತ್ತಂಗಿಲ್ಲ ಸಾರ್. ಅದು ನಮ್ ರೂಲ್ಸು.”

ಅವಳು ಎಡೆಯ ಪಕ್ಕ ಕೂತಳು. ಹುಲ್ಲಿನಲ್ಲಿ ಬಗ್ಗಿದ್ದ ಉಳಿದ ಐದು ಹೆಂಗಸರೂ ಒಬ್ಬೊಬ್ಬರಾಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಎದ್ದು ಬಂದು ಕೂತರು. ಸೇತುರಾಮ ಪೊಲೀಸರನ್ನು ಕರೆಸುತ್ತೇನೆ ಅಂತ ಆಫೀಸಿನ ಕಡೆ ಹೋದ.

ಈಶ್ವರಿ ಮಗುವನ್ನು ಫೋಟೋ ಮುಂದೆ ಎತ್ತಿ ಹಿಡಿದಳು. “ನೋಡವ್ವಾ. ಅಜ್ಜಿ.”

ಕಪ್ಪು ಗಾಜಿನಲ್ಲಿ ಮಗುವಿಗೆ ತನ್ನ ಮುಖ ಕಂಡಿತೇನೋ, ಬೊಚ್ಚು ಬಾಯಿ ತೆರೆದು ನಕ್ಕಿತು. ನಾನೂ ಬಗ್ಗಿ ನೋಡಿದೆ. ಆ ಒಂದು ಉಸಿರಿನಷ್ಟು ಹೊತ್ತು ಕಂಡ ಬಿಳಿ ಕೂದಲು, ಕಪ್ಪು ಹಲ್ಲು ನೆನಪಿದೆ. ಅದನ್ನು ತಿರುಗಿಸಿ ನೆಟ್ಟಗೆ ಮಾಡಿಕೊಳ್ಳಲು ಎಷ್ಟು ತಿಣುಕಿದರೂ ನನ್ನ ಅಂಕಮ್ಮ ಬರಲೊಲ್ಲಳು.

ಹೊರಗೆ ಜೀಪು ನಿಂತ ಸದ್ದಾಯಿತು. ಕಾಗೆ ಇನ್ನೂ ಬಂದಿರಲಿಲ್ಲ. ನಾವು ಯಾರೂ ಏಳಲಿಲ್ಲ.