ನಿಧಾನದ ಹಾಡು

ನಾನು ಒಂದು ಕ್ಯಾಸೆಟ್. ಹುಟ್ಟಿದಾಗ ನನ್ನೊಳಗೆ ಏನೂ ಇರಲಿಲ್ಲ. ಎರಡು ಹಲ್ಲಿನ ಚಕ್ರ, ಒಂದಿಷ್ಟು ಕಂದು ಪಟ್ಟಿ, ಅದನ್ನು ಒತ್ತಿ ಹಿಡಿಯಲು ಒಂದು ಚೂರು ಮೆತ್ತೆ, ಇಷ್ಟೇ ನನ್ನ ಆಸ್ತಿ. ದನಿ ಬಂದದ್ದು ಗದಗಿಗೆ ಬಂದ ಮೇಲೆ. ಬೇಕಾದ ಹಾಡುಗಳನ್ನು ತುಂಬಿಸಿಕೊಡುವ ಅಂಗಡಿಯೊಂದು ಅಲ್ಲಿತ್ತು. ಆ ವರ್ಷ ಊರೆಲ್ಲ ಗುನುಗುತ್ತಿದ್ದ ಸಿನಿಮಾ ಹಾಡುಗಳನ್ನೂ, ಇನ್ನೂ ಥಿಯೇಟರಿಗೆ ಬಾರದ ಒಂದು ಸಿನಿಮಾದ ಹೊಚ್ಚ ಹೊಸ ಹಾಡನ್ನೂ ಅಂಗಡಿಯವನು ನನ್ನೊಳಗೆ ಇಳಿಸಿದ. ಆಮೇಲೆ ನನ್ನ ಬೆನ್ನಿನ ಎರಡು ಪುಟ್ಟ ಚಕ್ಕೆಗಳನ್ನು ಪಟಪಟನೆ ಮುರಿದ. ಅವನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಬೇರೆ ಹಾಡು ಏರುವುದಿಲ್ಲ. ನೋವಾಯಿತು, ಆದರೆ ಒಳಗೊಳಗೇ ಖುಷಿಯೂ ಆಯಿತು. ಇನ್ನು ನಾನು ಆ ಒಂದು ವರ್ಷದವನು, ಬೇರೆ ಯಾವ ವರ್ಷಕ್ಕೂ ಸೇರಿದವನಲ್ಲ.

ನನ್ನನ್ನು ಕೊಂಡವನು ಬೆಟಗೇರಿಯ ದಾವಲಸಾಬ. ಮದುವೆ ಮೆರವಣಿಗೆಗಳಲ್ಲಿ ಕ್ಲಾರ್ನೆಟ್ ಊದುವವನು. ಅವನ ಅಪ್ಪ ಇಮಾಮಸಾಬ ಕಟ್ಟಿದ ಬ್ಯಾಂಡ್ ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಹೆಸರಾಗಿತ್ತು. ಆ ದೀಪಾವಳಿಯ ಹೊತ್ತಿಗೆ ಇಮಾಮಸಾಬನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಬಿತ್ತು. ಬ್ಯಾಂಡು ಮಗನ ಹೆಗಲಿಗೆ ಬಂತು. ಊರವರ ಬಾಯಿ ಮಾತ್ರ ಬೀಳಲಿಲ್ಲ. "ಹುಡುಗನ ಬೆರಳು ಚಲೋ ಓಡತಾವು, ಖರೇ. ಆದರ ಅಪ್ಪನ ಉಸಿರು ಇಂವಗ ಎಲ್ಲಿಂದ ಬರಬೇಕು?" ಎಂದು ಚಹದಂಗಡಿಯಲ್ಲಿ ಆಡಿಕೊಂಡರು. ಬ್ಯಾಂಡಿನ ಇಬ್ಬರು ಆಗಲೇ ಬೇರೆ ಬ್ಯಾಂಡಿನ ಕಡೆ ಕಣ್ಣು ಹಾಯಿಸಿದ್ದರು. ಆ ಮದುವೆ ಹಂಗಾಮು ಕೆಟ್ಟರೆ ಅಪ್ಪನ ಬ್ಯಾಂಡ್ ಉಳಿಯುವುದಿಲ್ಲ ಎಂಬುದು ದಾವಲಸಾಬನಿಗೂ ಗೊತ್ತಿತ್ತು, ಅವನ ಅಂಗಿಯ ಜೇಬಿನಲ್ಲಿ ಕೂತ ನನಗೂ ಗೊತ್ತಿತ್ತು.

ಬ್ಯಾಂಡಿನವರಿಗೆ ಬರೆದ ಸ್ವರಗಳಿಲ್ಲ. ನಾನೇ ಅವರ ಮಾಸ್ತರ. ನನ್ನನ್ನು ಟೇಪ್ ರೆಕಾರ್ಡರಿಗೆ ಹಾಕುವುದು, ಒಂದು ಸಾಲು ಕೇಳುವುದು, ಊದುವುದು, ಮತ್ತೆ ಹಿಂದಕ್ಕೆ ತಿರುಗಿಸುವುದು. ಹಾಡಿಗೆ ಸಿನಿಮಾದ ಹೆಸರು ಇವರಲ್ಲಿ ನಡೆಯದು. ಮೊದಲು ಯಾರ ಮದುವೆಯಲ್ಲಿ ಬಾರಿಸಿದರೋ ಅವರ ಹೆಸರೋ ಅವರ ಊರಿನ ಹೆಸರೋ ಹಾಡಿಗೂ. ಮೊದಲನೆಯದು ಅಂಗಡಿ ಎಂಬ ಅಡ್ಡಹೆಸರಿನವರ ಮನೆ ಹಾಡಾಯಿತು. ಅದನ್ನು ದಾವಲಸಾಬ ಕಲಿತದ್ದು ಅಪ್ಪನ ಚಾಪೆಯ ಪಕ್ಕ ಕೂತು. ತಪ್ಪಿದರೆ ಮುದುಕ ಎಡಗೈಯಿಂದ ನೆಲ ಬಡಿಯುತ್ತಿದ್ದ, ಸರಿಬಂದರೆ ಕಣ್ಣು ಮುಚ್ಚುತ್ತಿದ್ದ. ಎರಡನೆಯದು ಹೊಂಬಳದ ಹಾಡು. ಹೊಂಬಳದಲ್ಲಿ ಅದನ್ನು ಬಾರಿಸುತ್ತಿದ್ದಾಗಲೇ ದಾವಲಸಾಬನಿಗೆ ಹೆಣ್ಣು ಹುಟ್ಟಿದ ಸುದ್ದಿ ಬಂತು. ಹಾಡು ಅರ್ಧಕ್ಕೆ ಬಿಡುವಂತಿಲ್ಲವಲ್ಲ, ನಗುತ್ತಲೇ ಊದಿದ, ಸ್ವರವೆಲ್ಲ ಚೀರಿತು. ಬೀಗರು ಅದನ್ನೂ ಹೊಸ ನಮೂನೆ ಎಂದುಕೊಂಡರು.

ಚೈತ್ರ ಕಳೆಯಿತು. ನನ್ನೊಳಗಿನ ಹೊಚ್ಚ ಹೊಸ ಹಾಡಿನ ಸರದಿ ಬಂದದ್ದು ಆಗ. ಗದಗಿನ ಸಂಗನಬಸಪ್ಪನ ಮದುವೆ. ಅವನ ಸೋದರಮಾವ ಬ್ಯಾಂಡ್ ಗೊತ್ತುಮಾಡುವಾಗಲೇ ಷರತ್ತು ಹಾಕಿದ: "ಹುಬ್ಬಳ್ಳಿಯಿಂದ ಹುಡುಗನ ಗೆಳ್ಯಾರು ಬರಾಕತ್ತಾರ. ಆ ಹೊಸಾ ಹಾಡು ಬಾರಸಾಕ ಬೇಕು. ಕುಣೀದಿದ್ರ ನಿನ್ನ ಬ್ಯಾಂಡ್ ಇದ್ದೂ ಸತ್ತಂಗ."

ಆ ಬೇಸಗೆಯಲ್ಲಿ ಕರೆಂಟು ಮನೆಗೆ ಬರುವುದು ನೆಂಟರು ಬಂದ ಹಾಗೆ, ಅಪರೂಪಕ್ಕೆ. ಕಲಿಯುವುದಕ್ಕೆ ಬ್ಯಾಟರಿ ಸೆಲ್ಲೇ ಗತಿ. ಹಳೆಯ ಸೆಲ್ಲುಗಳನ್ನು ದಾವಲಸಾಬ ಮಾಳಿಗೆಯ ಬಿಸಿಲಿಗೆ ಹಪ್ಪಳದಂತೆ ಹರವಿ, ಕಾಯಿಸಿ, ಮತ್ತೆ ಹಾಕುತ್ತಿದ್ದ. ಬಿಸಿಲು ಕುಡಿದ ಸೆಲ್ಲಿಗೆ ಒಂದಿಷ್ಟು ಜೀವ ಬರುತ್ತಿತ್ತು, ಪೂರ್ತಿ ಜೀವ ಬರುತ್ತಿರಲಿಲ್ಲ. ನನ್ನ ಚಕ್ರ ಕುಂಟುತ್ತ ತಿರುಗಿತು. ಕುದುರೆಯಂತೆ ಓಡಬೇಕಾದ ಹಾಡು ತುಂಬು ಗಬ್ಬದ ಎಮ್ಮೆಯಂತೆ ನಡೆಯಿತು. ಅಯ್ಯೋ ಮಾರಾಯ, ಇದು ಹೀಗಲ್ಲ ಎಂದು ಹೇಳಬೇಕೆಂದರೆ ನನಗೆ ಇರುವುದು ಹಾಡುವ ಬಾಯಿ, ಮಾತಾಡುವ ಬಾಯಲ್ಲ.

ಡೋಲು ಬಡಿಯುವ ಫಕೀರಪ್ಪ ಮಾತ್ರ ತಲೆ ಕೆರೆದುಕೊಂಡ. "ಹಾಡೋ ಹೆಣ್ಮಗಳ ದನಿ ಗಂಡಸಿನಂಗ ಕೇಳಸತೈತಲ್ಲೋ ದಾವಲ್ಯಾ?"

"ಈಗಿನ ಫ್ಯಾಷನ್ನ ಹಂಗ ಐತಿ ಕಾಕಾ," ಎಂದ ದಾವಲಸಾಬ.

ಚಾಪೆಯ ಮೇಲೆ ಇಮಾಮಸಾಬ ಕಣ್ಣು ಮುಚ್ಚಿದ. ಅಪ್ಪ ಒಪ್ಪಿದ ಮೇಲೆ ಇನ್ನು ಕೇಳುವವರಾರು?

ಮದುವೆಯ ದಿನ ಮೆರವಣಿಗೆ ಹೊರಡುವ ಮುಂಚೆ ಮದುಮಗ ದಾವಲಸಾಬನನ್ನು ಜೀಪಿನ ಹತ್ತಿರ ಕರೆದ. ಬಾಸಿಂಗದ ಕೆಳಗೆ ಅವನ ಮುಖ ಬಾಡಿತ್ತು. ಚಿಕ್ಕಂದಿನ ಪೋಲಿಯೋದಿಂದ ಅವನ ಎಡಗಾಲು ಸಣ್ಣದಾಗಿತ್ತು.

"ಮಾಸ್ತರ, ಆ ಹೊಸಾ ಹಾಡು ಬಿಟ್ಟಬಿಡ್ರಿ. ಅದು ಬಂತಂದ್ರ ನನ್ನ ಕೆಳಗ ಎಳೀತಾರ. ಬೀಗರ ಮುಂದ, ಆಕಿ ಮುಂದ, ನಾ ಹೆಂಗ ಕುಣೀಲಿ?"

ದಾವಲಸಾಬನ ಎದೆ ನನಗೆ ಒತ್ತಿಕೊಂಡೇ ಇತ್ತು, ಅದರ ಬಡಿತ ಕೇಳುತ್ತಿತ್ತು. ಒಂದು ಕಡೆ ಈ ಹುಡುಗನ ಮಾನ, ಇನ್ನೊಂದು ಕಡೆ ಅಪ್ಪನ ಬ್ಯಾಂಡು. "ನೋಡೂಣ್ರಿ," ಎಂದು ಬ್ಯಾಂಡಿನ ಕಡೆ ನಡೆದ.

ಬಸವೇಶ್ವರ ಗುಡಿಯ ಸರ್ಕಲ್ಲಿಗೆ ಬಂದಾಗ ಸೋದರಮಾವ ಕೈ ಎತ್ತಿದ. ಗೆಳೆಯರು ಕರವಸ್ತ್ರ ಬೀಸುತ್ತ ಮದುಮಗನನ್ನು ಇಳಿಸಿಯೇ ಬಿಟ್ಟರು. ದಾವಲಸಾಬ ಕಣ್ಣು ಮುಚ್ಚಿ ಊದಿದ. ಹಾಡು ಹೊರಟಿತು, ತನ್ನ ಪಾಡಿಗೆ ತಾನು, ನಿಧಾನವಾಗಿ. ಮೇಲೆ ಹಾರಿದ ಹುಡುಗರು ತಾಳವಿಲ್ಲದೆ ಕೆಳಗಿಳಿದರು. "ಏನ್ರೀ ಇದು, ಜೋಗುಳ ಹಾಡಾಕತ್ತೀರೇನು? ಹಾಡು ಇದರ ಎರಡರಷ್ಟು ಜೋರ ಐತಿ," ಎಂದ ಒಬ್ಬ.

ಆಗ ದಾವಲಸಾಬನಿಗೆ ಸೆಲ್ಲಿನ ನೆನಪಾಯಿತು. ಬೆವರಿಗೆ ನಾನು ಒದ್ದೆಯಾದೆ. ಮೆರವಣಿಗೆಯ ನಡುವೆ ವಾದ್ಯ ನಿಲ್ಲಿಸಿದರೆ ಅಪಶಕುನ. ಓಡಿಸೋಣವೆಂದರೆ ಬ್ಯಾಂಡಿಗೆಲ್ಲ ಹೀಗೆಯೇ ಕಲಿಸಿದ್ದಾನೆ. ಮುಗಿಯಿತು ಕಥೆ ಎಂದುಕೊಂಡೇ ಊದುತ್ತಾ ಹೋದ.

ಕಣ್ಣು ಬಿಟ್ಟಾಗ ಮದುಮಗ ಗೆಳೆಯನ ಹೆಗಲ ಮೇಲೆ ಒಂದು ಕೈಯಿಟ್ಟು ನಿಂತಿದ್ದ. ಬಲಗಾಲು ಮುಂದೆ, ಒಂದು ಕ್ಷಣ ನಿಲುವು, ಆಮೇಲೆ ಎಡಗಾಲು. ಹಾಡು ಅವನಿಗಾಗಿ ಕಾಯುತ್ತಿತ್ತು. ಮತ್ತೊಂದು ಹೆಜ್ಜೆ. ಹಿಂದೆ ಆರತಿಯ ಜೊತೆ ಬರುತ್ತಿದ್ದ ಮುತ್ತೈದೆಯರಿಗೆ ಅದು ತಮ್ಮ ಸೋಬಾನೆಯ ನಡಿಗೆ ಅನ್ನಿಸಿತೋ ಏನೋ, ಚಪ್ಪಾಳೆಯ ತಾಳ ಹಿಡಿದರು. ಹುಬ್ಬಳ್ಳಿಯ ಹುಡುಗರೂ ಕರವಸ್ತ್ರ ಮಡಚಿಟ್ಟು ಅವನ ಸುತ್ತ ಅವನ ಹೆಜ್ಜೆಯನ್ನೇ ಹಾಕತೊಡಗಿದರು. ಮದುಮಗಳು ತಲೆ ಎತ್ತಿ ನೋಡಿ ನಕ್ಕಳು. ಸಂಗನಬಸಪ್ಪನೂ ನಕ್ಕ. ನನಗೆ ಹೋದ ಜೀವ ಬಂತು.

ಆ ಹಂಗಾಮಿನಲ್ಲಿ ಎಲ್ಲಿ ಹೋದರೂ "ಸಂಗನಬಸಪ್ಪನ ಮನಿ ಹಾಡು ಬಾರಸ್ರಿ" ಎಂಬುದೇ ಬೇಡಿಕೆ. ಕಣ್ಣು ಹಾಯಿಸಿದ್ದ ಇಬ್ಬರೂ ತೆಪ್ಪಗೆ ಉಳಿದರು. ಮಳೆಗಾಲಕ್ಕೆ ಸಿನಿಮಾ ಬಂತು. ನೋಡಿ ಬಂದವರು, ಹಾಡೇನೋ ಚಲೋ ಐತಿ, ಆದರ ಸಿನಿಮಾದವ್ರು ಸುಮ್ನ ಗಡಿಬಿಡಿ ಮಾಡ್ಯಾರ ಎಂದರು. ಫಕೀರಪ್ಪ ಗೋಡೆಯ ಕಡೆ ತಿರುಗಿ ನಕ್ಕ.

ಮರುವರ್ಷ ಹೊಸ ಕ್ಯಾಸೆಟ್ ಬಂತು, ಆಮೇಲೆ ಮತ್ತೊಂದು. ನಾನು ಕ್ಲಾರ್ನೆಟ್ ಪೆಟ್ಟಿಗೆಯ ಮೂಲೆ ಸೇರಿದೆ. ಇಮಾಮಸಾಬ ಹೋದ, ಫಕೀರಪ್ಪ ಹೋದ. ಡಿಜೆ ಬಂದ ಮೇಲೆ ಬ್ಯಾಂಡೂ ಚದುರಿತು. ನನ್ನ ಬಳಗದವರ ಕರುಳು ಕಿತ್ತು, ಗಿಳಿ ಓಡಿಸಲೆಂದು ಸೂರ್ಯಕಾಂತಿ ಹೊಲದಲ್ಲಿ ಉದ್ದಕ್ಕೆ ಕಟ್ಟಿದರು. ಹಾಡಿದ ದನಿಗೆ ಕೊನೆಗೆ ಹಕ್ಕಿ ಬೆದರಿಸುವ ಕೆಲಸ. ನನ್ನನ್ನು ಮಾತ್ರ ದಾವಲಸಾಬ ಕೊಡಲಿಲ್ಲ. ಆಗೀಗ ಪೆಟ್ಟಿಗೆ ತೆರೆದು, ಕಿರುಬೆರಳಿನಿಂದ ನನ್ನ ಚಕ್ರ ತಿರುಗಿಸುತ್ತಾನೆ. ಒಂದು ಸುತ್ತಿಗೆ ಅಪ್ಪನ ಎಡಗೈ, ಇನ್ನೊಂದು ಸುತ್ತಿಗೆ ಹೊಂಬಳದಲ್ಲಿ ಕೇಳಿದ ಮಗಳ ಸುದ್ದಿ. ಹಾಡಿಸುವ ಯಂತ್ರ ಯಾವತ್ತೋ ಗುಜರಿಗೆ ಹೋಯಿತು. ಆ ವರ್ಷ ಅವನಿಗೆ ನನ್ನೊಳಗಿಂದಲೇ ಕೇಳುತ್ತದೆ.

ಮೊನ್ನೆ ಮಾಘದಲ್ಲಿ, ಕೋಲು ಊರಿಕೊಂಡು, ತಲೆ ನರೆತ ಒಬ್ಬರು ಮದುವೆ ಕಾರ್ಡು ಹಿಡಿದು ಬಂದರು. ಸಂಗನಬಸಪ್ಪ. ಮಗಳ ಮದುವೆ.

"ಡಿಜೆ ಹೇಳೇನ್ರಿ ಮಾಸ್ತರ, ಹುಡುಗ್ರಿಗೆ ಬೇಕಲ್ಲ. ಆದರ ಆ ಸರ್ಕಲ್ಲಿನ್ಯಾಗ ನೀವು ಊದಬೇಕು. ಅವತ್ತ ನನ್ನ ಕಾಲು ನೋಡಿ ನೀವು ಬೇಕಂತ ನಿಧಾನ ಮಾಡಿದ್ರಿ. ಅದನ್ನ ಮರೀಲಿಕ್ಕೆ ಆಗಿಲ್ಲ ನನಗ."

ದಾವಲಸಾಬನ ಮುಖ ಕೆಂಪಾಯಿತು. "ಇಲ್ರೀ ಸಾಹುಕಾರ್ರ, ಸೆಲ್ ಸತ್ತಿತ್ತು," ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ದೊಡ್ಡೋರು ಹಿಂಗ ಹೇಳತಾರ ಅಂತ ಗೊತ್ತಿತ್ತು," ಎಂದು ಸಂಗನಬಸಪ್ಪ ನಕ್ಕು ಹೊರಟೇ ಹೋದರು. ನಂಬದವರಿಗೆ ನಿಜ ಹೇಳಿ ಏನು ಪ್ರಯೋಜನ.

ಓಡುವ ಹಾಡಿಗೆ ಬೆರಳು ಸಾಕು, ನಿಧಾನದ ಹಾಡಿಗೆ ಉಸಿರು ಬೇಕು. ದಾವಲಸಾಬನಿಗೆ ಈಗ ಕಟ್ಟಿಸಿದ ಹಲ್ಲು, ಮೆಟ್ಟಿಲು ಹತ್ತಿದರೆ ಏದುಸಿರು. ದಿನಾ ಸಂಜೆ ಊದಿ ನೋಡಿದ. ಸಾಲಿನ ಕೊನೆಗೆ ದನಿ ಒಡೆಯುತ್ತಿತ್ತು. ವೇಗವಾಗಿ ಬಾರಿಸಿದರೆ ಸಲೀಸು, ಮಾನವೂ ಉಳಿಯುತ್ತಿತ್ತು. ಹಾಗೆಯೇ ಮಾಡುತ್ತಾನೆ ಎಂದು ನಾನು ಅಂದುಕೊಂಡಿದ್ದೆ.

ಸರ್ಕಲ್ಲಿನಲ್ಲಿ ಡಿಜೆ ನಿಂತಿತು. ನಾನು ಮೊದಲಿನ ಹಾಗೆ ಅಂಗಿಯ ಜೇಬಿನಲ್ಲಿದ್ದೆ. ಸಂಗನಬಸಪ್ಪ ಕೋಲನ್ನು ಹೆಂಡತಿಯ ಕೈಗೆ ಕೊಟ್ಟು, ಮಗಳ ಹೆಗಲ ಮೇಲೆ ಕೈಯಿಟ್ಟರು. ದಾವಲಸಾಬ ಅವರ ಕಾಲನ್ನು ನೋಡಿದ. ಈ ಸಲ ಸರಿಯಾಗಿ ನೋಡಿದ. ಆಮೇಲೆ ಊದಿದ, ಅವತ್ತಿಗಿಂತಲೂ ನಿಧಾನವಾಗಿ. ಪ್ರತಿ ಸಾಲಿಗೂ ಅವನ ಎದೆ ಬಿಗಿದು ನಡುಗುತ್ತಿತ್ತು. ಹೆಜ್ಜೆ ಊರುವ ತನಕ ಸ್ವರವನ್ನು ಹಿಡಿದಿಟ್ಟ, ಊರಿದ ಮೇಲೆ ಬಿಟ್ಟ. ಕೊನೆಯ ಸಾಲಿನಲ್ಲಿ ಈಗ ಒಡೆಯಿತು, ಈಗ ಒಡೆಯಿತು ಎಂದು ನಾನು ಹೆದರಿದ್ದೇ ಬಂತು, ಒಡೆಯಲಿಲ್ಲ.

ದಾವಲಸಾಬ ಕಟ್ಟೆಯ ಮೇಲೆ ಕೂತು ನೀರು ಕುಡಿದ. ಮದುಮಗಳು ಬಂದು ಕಾಲು ಮುಟ್ಟಿದಳು.

"ಅಜ್ಜಾ, ಈ ಹಾಡು ಫೋನಿನ್ಯಾಗ ಕೇಳೇನಿ. ಅದು ಭಾಳ ಓಡತೈತಿ. ನಮ್ಮಪ್ಪ ಮನ್ಯಾಗ ಗುನುಗೋದು ನಿಮ್ಮಂಗ. ಯಾವುದು ಖರೇದು?"

"ಇದ ಖರೇದವ್ವಾ," ಎಂದ ದಾವಲಸಾಬ.

ಕೈ ಜೇಬಿಗೆ ಹೋಗಿ ನನ್ನನ್ನು ಒಮ್ಮೆ ಮುಟ್ಟಿತು. ಆ ವರ್ಷ ಅವನು ತಿಳಿಯದೆ ಮಾಡಿದ ಉಪಕಾರವನ್ನು ಇವತ್ತು ತಿಳಿದು ಮಾಡಿದ್ದ. ಮನೆಗೆ ಬಂದು ನನ್ನನ್ನು ಪೆಟ್ಟಿಗೆಯಲ್ಲಿ ಕ್ಲಾರ್ನೆಟ್ಟಿನ ಪಕ್ಕಕ್ಕಿಟ್ಟ. ನನ್ನ ಮೆತ್ತೆ ಉದುರಿದೆ, ಪಟ್ಟಿ ಸಡಿಲಾಗಿದೆ, ಇನ್ನು ಯಾವ ಯಂತ್ರದಲ್ಲೂ ನಾನು ಹಾಡಲಾರೆ. ಚಿಂತೆಯಿಲ್ಲ, ಹಾಡು ಉಳಿಯಿತು.