ಹೊಟ್ಟೆಯ ಮೇಲಿನ ಬಾಯಿ

ಹಲ್ಲೆಲ್ಲ ಜೋಳದ ಹಿಟ್ಟಿನವು, ನಾದಿ ಒಣಗಿಸಿದ್ದು, ತ್ರಿಶಲಾಗೆ ಗೊತ್ತಾಗುತ್ತದೆ, ಆದರೂ ಗೋಕಾಕದ ಈ ಕಾಲೇಜು ಸಭಾಂಗಣದ ಪರದೆಯ ಮೇಲೆ ಹುಡುಗಿಯ ಹೊಟ್ಟೆ ಸೀಳಿ ಆ ಬಾಯಿ ತೆರೆದಾಗ ಎಲ್ಲರೂ ಕಿರುಚುತ್ತಾರೆ, ಪಕ್ಕದಲ್ಲಿ ಕೂತ ಅವ್ವ ಸೀತಾಬಾಯಿ ಸೆರಗು ಅಡ್ಡ ಹಿಡಿದು ನಗುತ್ತಾಳೆ — ನಿನ್ನ ಗೆಳತಿ ಭಾಳ ಹುಚ್ಚಿ ಅದಾಳ ನೋಡು, ಮೊಬೈಲ್‌ನಾಗ ಇಷ್ಟೆಲ್ಲಾ ಮಾಡ್ಯಾಳ — ಹೌದು, ಸಪ್ನಾ, ತಮ್ಮೂರು ಕಲ್ಲೋಳಿಯ ಹಿಂದಿನ ಓಣಿಯ ಸಪ್ನಾ, ಎರಡು ವರ್ಷದಿಂದ ಒಂದೇ ಬಸ್ಸು, ಒಂದೇ ಬೆಂಚು, ದೆವ್ವದ ಸಿನಿಮಾ ತಗಿಯಾಕತ್ತೇನಿ, ನಿಮ್ಮವ್ವನ್ನೂ ಕರಕೊಂಡ ಬಾ ಎಂದಳು, ಏನು ಕಥೆಯೇ ಎಂದರೆ ಬಂದ ನೋಡು ಎಂದು ನಕ್ಕಳು, ಆ ನಗೆ ನಂಬಿ ತ್ರಿಶಲಾ ಅವ್ವನನ್ನು ತಂದು ಮೊದಲ ಸಾಲಿನಲ್ಲೇ ಕೂರಿಸಿದ್ದಾಳಲ್ಲ, ಎಂಥ ದಡ್ಡಿ ಇವಳು, ಪರದೆಯಲ್ಲಿ ಊರವರು ಆ ಹುಡುಗಿಗೆ ಹಾರ ಹಾಕುತ್ತಿದ್ದಾರೆ, ಹತ್ತು ದಿನ ಉಪವಾಸ ಇದ್ದಳೆಂದು, ಹಾರದ ಕೆಳಗೆ ಬಾಯಿ ಅಗಿಯುತ್ತಿದೆ.

ಹತ್ತು ದಿನ, ದಶಲಕ್ಷಣ ಪರ್ವಕ್ಕೆ ಬರೀ ಕಾಸಿದ ನೀರಿನ ಮೇಲೆ ಇರುತ್ತೇನೆಂದು ಬಸದಿಯಲ್ಲಿ ಎದ್ದು ನಿಂತು ಹೇಳಿದ್ದು ತ್ರಿಶಲಾಳೇ, ಯಾರೂ ಒತ್ತಾಯ ಮಾಡಿರಲಿಲ್ಲ, ಅವ್ವನ ಕಣ್ಣು ತುಂಬಿದ್ದು ನೋಡಿದ ಮೇಲೆ ಹಿಂದೆ ಸರಿಯುವುದು ಹೇಗೆ, ಏಳನೆಯ ದಿನ ನೋಟ್ಸಿನ ನೆಪ ಹೇಳಿ ಸಪ್ನಾಳ ಅಡುಗೆಮನೆಯಲ್ಲಿ ಕೂತು ನಾಲ್ಕು ರೊಟ್ಟಿ, ಬಟಾಟೆ ಪಲ್ಯ, ಅದೂ ಬಟಾಟೆ, ಹುಟ್ಟಿದಾಗಿನಿಂದ ತಮ್ಮ ಜೈನರ ಮನೆಯೊಳಗೆ ಬಾರದ ಗಡ್ಡೆ, ಅಳುತ್ತ ನುಂಗಿದಳು, ಸಪ್ನಾ ಬೆನ್ನು ಸವರುತ್ತಿದ್ದಳು, ಇನ್ನೊಂದು ಕೈಯಲ್ಲಿ ಮೊಬೈಲ್ ಇತ್ತು, ಅವಳ ಕೈಯಲ್ಲಿ ಅದು ಯಾವಾಗ ಇರುವುದಿಲ್ಲ, ಹನ್ನೊಂದನೆಯ ದಿನ ವಾದ್ಯ, ಮೆರವಣಿಗೆ, ಮುದುಕಿಯರೆಲ್ಲ ಬಗ್ಗಿ ಬಗ್ಗಿ ಇವಳ ಕಾಲು ಮುಟ್ಟಿದರು, ಎಳೆದುಕೊಳ್ಳಲೂ ಆಗಲಿಲ್ಲ, ಆಮೇಲೆ ಎಷ್ಟು ತಿಂದರೂ ರುಚಿಯೇ ಹತ್ತಲಿಲ್ಲ, ಅದನ್ನೂ ಸಪ್ನಾಗೇ ಹೇಳಿಕೊಂಡಿದ್ದಳು, ಬೆನ್ನು ಸವರುತ್ತಲೇ ಕತ್ತು ಕೊಯ್ದಳಲ್ಲ, ಮೋಸಗಾತಿ, ಈಗ ಗೋಡೆ ಬದಿಯಿಂದ ಬಂದು ಕಿವಿಯಲ್ಲಿ ಪಿಸುಗುಡುತ್ತಾಳೆ — ಅದು ನೀ ಅಲ್ಲಲೇ, ನಮ್ಮ ವಯಸ್ಸಿನ ಎಲ್ಲಾರ ಹಸಿವಿ ಅದು, ಸಿಟ್ಟಾಗಬ್ಯಾಡ — ಎಲ್ಲರದೂ ಆದರೆ ನಿನ್ನ ಹೊಟ್ಟೆ ಸೀಳಿ ತೋರಿಸಬೇಕಿತ್ತು.

ಆಗ ಆ ಬಾಯಿ ಮಾತಾಡುತ್ತದೆ. ತಡಕೊಳ್ಳಾಕ ಆಗವಲ್ದು ಸಪ್ನಾ, ನಮ್ಮವ್ವಗ ಹೇಳಬ್ಯಾಡ — ಇವಳದೇ ದನಿ, ತುತ್ತು ಸಿಕ್ಕಿಕೊಂಡ ದನಿ, ಅಂದೇ ಸಪ್ನಾ ಮೊಬೈಲ್‌ನಲ್ಲಿ ಹಿಡಿದಿಟ್ಟಿದ್ದಳು, ಸಭೆಯೆಲ್ಲ ಗೊಳ್ಳೆನ್ನುತ್ತದೆ, ಅವ್ವನ ನಗು ಅರ್ಧಕ್ಕೆ ನಿಂತಿದೆ, ಅವ್ವ ಇತ್ತ ನೋಡು, ನೋಡುವುದಿಲ್ಲ, ಪರದೆಗೆ ಹೇಳುವಂತೆ ಮೆಲ್ಲಗೆ ಹೇಳುತ್ತಾಳೆ — ಅವತ್ತ ನಾನೂ ನಿನ್ನ ಕಾಲ ಮುಟ್ಟಿದ್ನಲ್ಲ — ಎದುರಿಗೆ ಬಾಯಿ, ಅಗಿಯುತ್ತಿದೆ, ಅಗಿಯುತ್ತಲೇ ಇದೆ, ಆ ಬಾಯಿ —