ರಾಜಹಕ್ಕಿಯನ್ನು ಕರೆದವನು

ಕುತ್ತಿಗೆಯ ಹಿಂದೆ ಬೆವರೋ ಕಾಡಿನ ಇರುವೆಯೋ ಏನೋ ಇಳಿಯುತ್ತಿದೆ, ಒರೆಸಿಕೊಳ್ಳೋಣವೆಂದರೆ ಕೈ ಏಳುವುದಿಲ್ಲ, ಬೊರಿವಲಿ ಪ್ಲಾಟ್‌ಫಾರ್ಮಿನ ಬೆಂಚಿನ ಆ ತುದಿಗೆ ನನ್ನ ಮಗಳು ಯಕ್ಷಿತಾ, ಈ ತುದಿಗೆ ನಾನು, ಯಾವಾಗಲೂ ಅಂಟಿಕೊಂಡೇ ಕೂರುವವಳು — ಇರಲಿ, ಹತ್ತು ವರ್ಷದ ಹುಡುಗಿಯ ಸಿಟ್ಟು, ದಹಿಸರ್ ಬರುವುದರೊಳಗೆ ಇಳಿಯುತ್ತದೆ, ಒಂದೇ ಸ್ಟೇಷನ್ ಅಲ್ಲವೇ, ಆದರೆ ಒಂದು ಸ್ಟೇಷನ್ನಿಗೆ ಎಷ್ಟು ಇಳಿದೀತು. ನಾನು ಶಿಳ್ಳೆ ಮನೀಶ್, ಮುಂಬಯಿಯ ಎರಡು ಕೋಟಿ ಜನರಲ್ಲಿ ತುಟಿ ಮಡಚಿ ಹಕ್ಕಿ ಕರೆಯುವ ಗಂಡು ಒಬ್ಬನೇ, ನನ್ನ ಶಿಳ್ಳೆಗೆ ಹದ್ದು ಬಂದು ಭುಜದ ಮೇಲೆ ಕೂತದ್ದುಂಟು, ಚಿರತೆ ಬಾಲ ಅಲ್ಲಾಡಿಸಿದ್ದುಂಟು, ಸರಿ, ಚಿರತೆಯದು ಸ್ವಲ್ಪ ಜಾಸ್ತಿಯಾಯಿತು, ಹದ್ದಿನದೂ. ಶಿಳ್ಳೆ ತುಟಿಯಲ್ಲಿಲ್ಲ, ಅಂಗಿಯ ಜೇಬಿನೊಳಗಿನ ಫೋನಿನಲ್ಲುಂಟು, ಗೂಡಿನ ಕಾಲದಲ್ಲಿ ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಿದವನು ನಮ್ಮ ಹಕ್ಕಿ ನೋಡುವ ಗುಂಪಿನಿಂದ ಹೊರಗೆ ಅಂತ ನಿಯಮ ಮಾಡಿದ್ದೂ ನಾನೇ, ಭಾಷಣ ಬೇರೆ ಬಿಗಿದಿದ್ದೆ, ಚಪ್ಪಾಳೆ ಬಿದ್ದಿತ್ತು. ಬೆಳಿಗ್ಗೆ ಕಾಡಿನ ಗೇಟಿನಲ್ಲಿ ಆ ಸಯನ್‌ನ ಶೇಖರ, ಏನ್ ಮನೀಶಣ್ಣ, ನಿನ್ನ ಸೀಟಿಗಿ ಹಕ್ಕಿ ಬರ್ತಾವಂದ್ರ ವಿರಾರ್ ಫಾಸ್ಟ್ ಟ್ರೇನೂ ಬರಬೇಕಲ್ಲಪಾ, ಒಮ್ಮಿ ಊದಿ ನೋಡು — ಹದಿನಾಲ್ಕು ಜನ ನಕ್ಕರು, ಯಕ್ಷಿತಾ ನಗಲಿಲ್ಲ, ಅಂಕಲ್, ಪಪ್ಪ ಕರೆದ್ರೆ ಆತಾ ಹೀ ಹೈ, ಬಂದೇ ಬರ್ತದೆ, ನಾನ್ ನೋಡಿದ್ದೇನೆ, ಅಂದಳು, ಕೆಂಪಗಾಗಿ. ಆಗ ಸುಮ್ಮನಿರಬೇಕಿತ್ತು. ರಾಜಹಕ್ಕಿಯನ್ನೇ ಕರೆಯುತ್ತೇನೆ ಮಾರಾಯ, ಬರದಿದ್ದರೆ ಇವತ್ತಿನಿಂದ ನೀನೇ ಲೀಡರ್, ಅಂದುಬಿಟ್ಟೆ, ಗೂಡು ಎಲ್ಲುಂಟೆಂದು ಗೊತ್ತಿತ್ತಲ್ಲ, ಹೋದ ಆದಿತ್ಯವಾರ ಅವಳೇ ಕಂಡುಹಿಡಿದದ್ದು, ತೊರೆಯ ಮೇಲೆ ಬಾಗಿದ ಕೊಂಬೆಯಲ್ಲಿ ಚಹಾ ಕಪ್ಪಿನಷ್ಟು ಗೂಡು, ಮೇಲಿನ ದಾರಿಯಿಂದ ಬಗ್ಗಿದರೆ ಒಳಗೆಲ್ಲ ಕಾಣುತ್ತದೆ, ಮೂರು ಮೊಟ್ಟೆ, ಪಪ್ಪ, ಕಿಸೀಕೋ ಬೋಲ್ನಾ ನಹೀ ಹಾಂ, ಯಾರಿಗೂ ಹೇಳ್ಬಾರ್ದು, ಪ್ರಾಮಿಸ್, ಕಿವಿಯಲ್ಲಿ ಅವಳ ಬಿಸಿ ಉಸಿರು, ಪ್ರಾಮಿಸ್ ಮಗಾ. ಇವತ್ತು ಅದೇ ದಾರಿ ಹಿಡಿದಾಗ ತೋಳು ಜಗ್ಗಿದಳು, ಪಪ್ಪ, ಇಲ್ಲಿ ಬೇಡ, ಕೊಡವಿಬಿಟ್ಟೆ, ತುಟಿ ಮಡಚಿದೆ, ಜೇಬಿನೊಳಗೆ ಬೆರಳು ಒತ್ತಿದೆ, ಎದೆಯ ಜೇಬಿನಿಂದ ಬೇರೊಂದು ಗಂಡುಹಕ್ಕಿ ಕೂಗಿತು, ನನ್ನ ಜಾಗ ಬಿಡು ಎನ್ನುವ ಕೂಗು, ಬಂತಲ್ಲ, ಬೆಳ್ಳಗೆ, ಹತ್ತಡಿ ಬಾಲ, ಆಯ್ತು, ಒಂದಡಿ, ಸಿಟ್ಟಿನಿಂದ ಕೊಂಬೆ ಕೊಂಬೆಗೆ ಚಿಮ್ಮುತ್ತ, ಹಿಂದೆಯೇ ಹೆಣ್ಣೂ, ಗೂಡು ಬಿಟ್ಟು ಎರಡೂ ನನ್ನ ತಲೆಯ ಮೇಲೆ, ಕ್ಯಾಮೆರಾಗಳು ಟಕಟಕ, ಶೇಖರನ ಬಾಯಿ ಬಿದ್ದುಹೋಯಿತು, ಇನ್ನೊಮ್ಮಿ ಊದಣ್ಣ, ಅಂದ, ಅಣ್ಣ ಅಂದ, ಬೇಡುವಂತೆ ಅಂದ, ಊದಿದೆ. ಪಪ್ಪ, ಪೀಛೇ, ಹಿಂದೆ ನೋಡು. ಗೂಡಿನ ಕಡೆ ನೋಡುತ್ತಿದ್ದವಳು ಅವಳೊಬ್ಬಳೇ, ಅಲ್ಲ, ಓರೆಗಣ್ಣಿನಲ್ಲಿ ನಾನೂ, ತುಕ್ಕಿನ ಬಣ್ಣದ ಮಟಪಕ್ಷಿ, ಮರಿ ಕದ್ದು ತಿನ್ನುವ ಜಾತಿ, ಗೂಡಿನ ಅಂಚಿಗೆ ಬಂದು ಕೂತಿತ್ತು. ಪಪ್ಪ, ಉಸ್ಕೋ ಭಗಾವೋನಾ, ಓಡ್ಸು ಅದನ್ನ. ಒಂದು ಹೋ ಅಂದಿದ್ದರೆ ಸಾಕಿತ್ತು. ಹೋ ಅನ್ನಲು ತುಟಿ ಬಿಚ್ಚಬೇಕು, ತುಟಿ ಬಿಚ್ಚಿದರೆ ಜೇಬು ಮಾತ್ರ ಕೂಗುತ್ತಿರುತ್ತದೆ, ಹದಿನಾಲ್ಕು ಜನರ ಮುಂದೆ, ಶೇಖರನ ಮುಂದೆ. ಮಡಚಿಕೊಂಡೇ ನಿಂತೆ. ಅವಳು ಓಡಿಬಂದು ಎದೆಗೆ ತಲೆ ಗುದ್ದಿದಳು, ಕಿವಿ ಸರಿಯಾಗಿ ಜೇಬಿಗೇ ಒತ್ತಿತು, ಅಲ್ಲೇ ನಿಂತುಬಿಟ್ಟಿತು, ಆಮೇಲೆ ತಲೆ ಎತ್ತಿ ನನ್ನ ತುಟಿ ನೋಡಿದಳು, ಅತ್ತಳೇ, ಅಳಲೂ ಇಲ್ಲ. ಗೆದ್ದೆ, ಗೇಟಿನವರೆಗೂ ಶೇಖರ ನನ್ನ ಬ್ಯಾಗ್ ಹೊತ್ತ, ಮುಂಬಯಿಯೇ ಹೊತ್ತಂತೆ — ಲೋಕಲ್ ಬಂತು, ಹೋಯಿತು, ಅವಳು ಏಳಲಿಲ್ಲ, ನಾನೂ ಏಳಲಿಲ್ಲ, ಏಳು ಮಗಾ ಅನ್ನಬೇಕು, ಮೊನ್ನೆಯಷ್ಟೇ ಮೊಟ್ಟೆ ಒಡೆದು ಬಂದಿರಬೇಕು ಮರಿಗಳು, ಕಣ್ಣೇ ತೆರೆದಿರಲಿಲ್ಲ ಅವಕ್ಕೆ, ಕೊಂಬೆ ಅಲುಗಿದರೆ ಅಮ್ಮ ಬಂದಳೆಂದೇ ಲೆಕ್ಕ, ಮಟಪಕ್ಷಿ ಕೂತು ಕೊಂಬೆ ಅಲುಗಿತು, ನಡುಗುವ ಕತ್ತು ಎತ್ತಿ ಮೂರೂ ಬಾಯಿ ತೆರೆದವು, ತಿನ್ನಿಸು ಅಂತ, ಅದರ ಕಡೆಗೇ, ಇನ್ನೊಂದು ಲೋಕಲ್, ಏಳು ಮಗಾ, ಎರಡು ಬಾಯಿ, ಆಗಲೂ ತೆರೆದೇ, ಏಳು, ಒಂದು ಬಾಯಿ, ಅಗಲಕ್ಕೆ, ಹಳದಿ, ತೆರೆದು —